ಪಾದೊವಾದ ಸ್ಕ್ರೊವೆನ್ಯಿ ಚಾಪೆಲ್: ಸಾಕಾಗದ ಹದಿನೈದು ನಿಮಿಷ

ಇಟಲಿಯ ಪಾದೊವಾಕ್ಕೆ ಹೋಗುವವರು ಅಲ್ಲಿನ ಚಿಕ್ಕ ಪ್ರಾರ್ಥನಾ ಮಂದಿರವಾದ ಸ್ಕ್ರೊವೆನ್ಯಿ ಚಾಪೆಲ್‌ಗೆ ಟಿಕೆಟನ್ನು ಮುಂಚಿತವಾಗಿಯೇ ಕಾಯ್ದಿರಿಸಿ. ಭಿತ್ತಿಚಿತ್ರಗಳಿಗೆ ತೇವ, ದೂಳು ತಾಗದಂತೆ ಸಣ್ಣ ಗುಂಪುಗಳನ್ನಷ್ಟೇ ಒಳಗೆ ಬಿಡುತ್ತಾರೆ. ಅದಕ್ಕೂ ಮೊದಲು ಹವಾನಿಯಂತ್ರಿತ ಕೋಣೆಯಲ್ಲಿ 15 ನಿಮಿಷ ಕೂರಬೇಕು. ಆ ಕಾಯುವಿಕೆಗೆ ನನ್ನ ತಕರಾರಿಲ್ಲ. ಆದರೆ ಒಳಗೆ ಸಿಗುವುದೂ ಸಾಮಾನ್ಯವಾಗಿ ಅಷ್ಟೇ ಹೊತ್ತು. ಚಿತ್ರಕಾರ ಜೊತ್ತೊ 1305ರ ಸುಮಾರಿಗೆ ಚಿತ್ರ ಬರೆದು ಮುಗಿಸಿದ ಗೋಡೆಗಳವು, ಅಷ್ಟು ಹೇಗೆ ಸಾಕಾದೀತು! ನಕ್ಷತ್ರ ತುಂಬಿದ ನೀಲಿ ಛಾವಣಿಗೆ ಎಲ್ಲರೂ ಕತ್ತೆತ್ತಿ ನಿಂತುಬಿಡುತ್ತಾರೆ. ನೀವು ನೇರವಾಗಿ ಕ್ರಿಸ್ತನ ಶವದ ಸುತ್ತ ಗೋಳಾಡುವವರ ಚಿತ್ರದ ಮುಂದೆ ನಿಲ್ಲಿ. ನಮಗೆ ಬೆನ್ನು ಹಾಕಿ ಕುಳಿತವರ ಮುಖ ಕಾಣುವುದೇ ಇಲ್ಲ, ಆದರೂ ಆ ಬಾಗಿದ ಬೆನ್ನುಗಳೇ ಅಳುತ್ತವೆ. ಮೇಲೆ ದೇವದೂತರು ಸಂಕಟದಿಂದ ಹೊರಳಾಡುತ್ತಾರೆ. ದ್ರೋಹ ಬಗೆದ ಶಿಷ್ಯ ಯೂದನ ಹಳದಿ ನಿಲುವಂಗಿ ಕ್ರಿಸ್ತನನ್ನು ಆವರಿಸಿಕೊಳ್ಳುವ ಚಿತ್ರವನ್ನೂ ಬಿಡಬೇಡಿ. ಚಿತ್ರಗಳ ಕಥಾಕ್ರಮವನ್ನು ಮೊದಲೇ ಓದಿಕೊಂಡು ಹೋಗಿ. ಒಳಗಿರುವಷ್ಟು ಹೊತ್ತು ಕಣ್ಣು ಗೋಡೆಯ ಮೇಲೆಯೇ ಇರಲಿ.