ಎನ್‌ಪಿಟಿಇಎಲ್‌ನ ಪೈಥಾನ್ ಕೋರ್ಸ್: ಸುಲಭ ಅಂದುಕೊಂಡವರಿಗೆ

"ವೀಡಿಯೊ ಓಡಿಸಿಟ್ಟು ಸರ್ಟಿಫಿಕೇಟ್ ಪ್ರಿಂಟ್ ತೆಗೆಯೋದು ತಾನೇ?" ನಾನು ಆನ್‌ಲೈನ್ ಕೋರ್ಸ್‌ಗೆ ಸೇರಿದೆ ಅಂದಾಗ ನಮ್ಮ ಮಂಡಿಯಲ್ಲಿ ಎಲ್ಲರೂ ಹೀಗೇ ಕೇಳಿದರು. ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು ನಾನು. ಓದಿದ್ದು ಬಿ.ಕಾಂ. ಎಕ್ಸೆಲ್ ಬರುತ್ತಿತ್ತು, ಪ್ರೋಗ್ರಾಮಿಂಗ್ ಗಂಧಗಾಳಿ ಇರಲಿಲ್ಲ.

ಎನ್‌ಪಿಟಿಇಎಲ್ ಅಂದರೆ ಐಐಟಿಗಳು, ಐಐಎಸ್‌ಸಿ ಸೇರಿ ನಡೆಸುವ ಆನ್‌ಲೈನ್ ಪಾಠಗಳ ಯೋಜನೆ; ಪೈಥಾನ್ ಒಂದು ಪ್ರೋಗ್ರಾಮಿಂಗ್ ಭಾಷೆ. ನಾನು ಸೇರಿದ ಕೋರ್ಸ್ ಹೆಸರು 'ದಿ ಜಾಯ್ ಆಫ್ ಕಂಪ್ಯೂಟಿಂಗ್ ಯೂಸಿಂಗ್ ಪೈಥಾನ್'. ಐಐಟಿ ರೋಪರ್‌ನ ಪ್ರೊ. ಸುದರ್ಶನ್ ಅಯ್ಯಂಗಾರ್ ಅವರದು. 12 ವಾರ. ಸೇರೋದು, ಪಾಠ ಕೇಳೋದು ಪೂರ್ತಿ ಉಚಿತ. ಸರ್ಟಿಫಿಕೇಟ್ ಬೇಕು ಅಂದರೆ ಮಾತ್ರ ಪರೀಕ್ಷೆ ಶುಲ್ಕ. ನಾನು ಕಟ್ಟಿದ್ದು 1,000 ರೂಪಾಯಿ.

ಈ ಪರೀಕ್ಷೆ ವಿಷಯವೇ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಮನೆಯಲ್ಲಿ ಕೂತು, ಪಕ್ಕದಲ್ಲಿ ಮೊಬೈಲ್ ಇಟ್ಟುಕೊಂಡು ಬರೆಯುವ ಪರೀಕ್ಷೆ ಅಲ್ಲ ಇದು. ಸೆಂಟರ್‌ಗೆ ಹೋಗಬೇಕು. ಹಾಲ್ ಟಿಕೆಟ್, ಗುರುತಿನ ಚೀಟಿ ತೋರಿಸಿ ಕಂಪ್ಯೂಟರ್ ಮುಂದೆ ಕೂರಬೇಕು. ನೂರರಲ್ಲಿ 75 ಅಂಕ ಈ ಪರೀಕ್ಷೆಯದೇ, ವಾರದ ಅಸೈನ್‌ಮೆಂಟ್‌ಗಳಿಗೆ ಬರೀ 25. ಪಾಸಾಗಲು ಪರೀಕ್ಷೆಯಲ್ಲಿ 30, ಅಸೈನ್‌ಮೆಂಟ್‌ನಲ್ಲಿ 10, ಎರಡೂ ಬೇರೆ ಬೇರೆಯಾಗಿ ಬರಬೇಕು. ಅಸೈನ್‌ಮೆಂಟ್ ಉತ್ತರವನ್ನು ಯಾರದೋ ವಾಟ್ಸಾಪ್ ಗ್ರೂಪಿನಿಂದ ಎತ್ತಿದವರು ಇಲ್ಲಿ ಬಂದು ಪೆನ್ನು ಕಚ್ಚುತ್ತಾ ಕೂರಬೇಕಾಗುತ್ತದೆ.

"ನಮಗೆ ಬಿಡುವಾದಾಗ ಮಾಡಿದರಾಯ್ತು" ಅನ್ನೋದು ಇನ್ನೊಂದು ನಂಬಿಕೆ. ವೀಡಿಯೊ ವಿಷಯದಲ್ಲಿ ಸರಿ. ಅಸೈನ್‌ಮೆಂಟ್‌ಗೆ ಮಾತ್ರ ಗಡುವು ಇರುತ್ತದೆ, ದಾಟಿದರೆ ಮುಗಿಯಿತು. ಹರಾಜಿನ ದಿನ ಮಂಡಿಯಿಂದ ಬಿಡುಗಡೆಯಾಗಿ ಊಟ ಮಾಡಿ ಲ್ಯಾಪ್‌ಟಾಪ್ ತೆಗೆದರೆ ಕಣ್ಣು ಎಳೆಯುತ್ತಿರುತ್ತದೆ. ಆದರೆ 12ರಲ್ಲಿ ಚೆನ್ನಾಗಿ ಮಾಡಿದ 8 ಅಸೈನ್‌ಮೆಂಟ್ ಮಾತ್ರ ಲೆಕ್ಕಕ್ಕೆ ತಗೊಳ್ಳುತ್ತಾರೆ. ಕೆಲಸಕ್ಕೆ ಹೋಗುವವರಿಗೆ ಅದೊಂದು ಉಸಿರಾಡುವ ಜಾಗ.

ಪಾಠ ಹೇಗಿದೆ? ನನಗಂತೂ ತುಂಬಾ ಹಿಡಿಸಿತು. ಮೊದಲು ಸ್ಕ್ರ್ಯಾಚ್‌ನಲ್ಲಿ (ಬಣ್ಣದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಮ್ ಮಾಡುವ ಸಾಧನ) ಚಿತ್ರ ಓಡಾಡಿಸುತ್ತಾರೆ, ಆಮೇಲೆ ಪೈಥಾನ್. ಹಾವು ಏಣಿ ಆಟ ಬರೆಸುತ್ತಾರೆ. ಶಾಲೆಯಲ್ಲಿ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಹುಡುಗ ಹುಡುಗಿ ಹೆಸರು ಬರೆದು ಅಕ್ಷರ ಹೊಡೆದು ಹಾಕುತ್ತಿದ್ದೆವಲ್ಲ, ಆ ಫ್ಲೇಮ್ಸ್ ಆಟವೂ ಉಂಟು! ಒಬ್ಬೊಬ್ಬರ ಊಹೆ ಎಲ್ಲೆಲ್ಲೋ ಹೋದರೂ ನೂರಾರು ಜನರ ಊಹೆಯ ಸರಾಸರಿ ಹೇಗೆ ನಿಜಕ್ಕೆ ಹತ್ತಿರ ಬರಬಹುದು ಅನ್ನೋ ಪಾಠವನ್ನು ನಾನು ಮತ್ತೆ ಹಾಕಿ ನೋಡಿದೆ. ಮಂಡಿಯಲ್ಲಿ ಚೀಲ ನೋಡಿಯೇ ತೂಕ ಹೇಳುವವರ ಮಧ್ಯೆ ಇರುವವನಿಗೆ ಇದು ಮಜಾ ಕೊಡದೆ ಇರುತ್ತದಾ?

ಕೇಳೋಕೆ ಯಾರೂ ಇರಲ್ಲ ಅಂತಾರೆ. ಪ್ರಶ್ನೆ ಹಾಕಲು ಜಾಗವಿದೆ, ಸಹಾಯಕರು ಉತ್ತರಿಸುತ್ತಾರೆ. ತಕ್ಷಣ ಬೇಕು ಅನ್ನುವವರಿಗೆ ಮಾತ್ರ ತಾಳ್ಮೆ ಸಾಲದು. ಪಾಠ ಇಂಗ್ಲಿಷಿನಲ್ಲಿದೆ. ಮಾತು ಸರಳ, ಆದರೂ ನಾನು ಕೆಲವು ಕಡೆ ವೇಗ ಇಳಿಸಿಕೊಂಡೆ.

ಸರ್ಟಿಫಿಕೇಟ್ ಬೆಲೆ ಬಗ್ಗೆ ಎರಡೂ ಕಡೆ ಉತ್ಪ್ರೇಕ್ಷೆ ಇದೆ. ಇದು ಡಿಗ್ರಿ ಅಲ್ಲ. ಹಾಗಂತ ಸುಮ್ನೆ ಕಾಗದವೂ ಅಲ್ಲ. ಒಂದು ಸೆಮಿಸ್ಟರ್‌ನ ಕೋರ್ಸ್‌ಗಳಲ್ಲಿ 40 ಶೇಕಡಾದವರೆಗೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ವೇದಿಕೆ 'ಸ್ವಯಂ' ಮೂಲಕ ಮಾಡಲು ಯುಜಿಸಿ 2021ರಲ್ಲೇ ಅವಕಾಶ ಕೊಟ್ಟಿದೆ, ಎನ್‌ಪಿಟಿಇಎಲ್ ಕೋರ್ಸ್‌ಗಳು ಬರೋದು ಅದರಲ್ಲೇ. ಡಿಗ್ರಿಗೆ ಲೆಕ್ಕವಾಗುವ ಕ್ರೆಡಿಟ್ ಬೇಕಾದ ವಿದ್ಯಾರ್ಥಿಗಳು ಸೇರುವ ಮೊದಲೇ ಕಾಲೇಜಿನಲ್ಲಿ ಕೇಳಿಕೊಳ್ಳಿ. ಮುಗಿಸಿದ ಮೇಲೆ ಕೇಳಿದರೆ ಓಡಾಟ ಜಾಸ್ತಿ.

ಕೋಡ್ ಬರೆದು ರೂಢಿ ಇರುವವರಿಗೆ ಮೊದಲ ವಾರಗಳು ಬೋರ್ ಹೊಡೆಯಬಹುದು. ನನ್ನಂಥ ಲೆಕ್ಕದವರು, ಬಿ.ಕಾಂ ಮಕ್ಕಳು ಧೈರ್ಯವಾಗಿ ಸೇರಬಹುದು. ಜನವರಿ, ಜುಲೈ ಹೊತ್ತಿಗೆ ಹೊಸ ತಂಡ ಶುರುವಾಗುತ್ತದೆ. ಪರೀಕ್ಷೆಗೆ ಬೇರೆಯೇ ನೋಂದಣಿ ಇದೆ, ಅದರ ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.