ಡ್ರೈವ್ ಶಾಫ್ಟ್‌ಗೆ ವೈಟಾನ್ ಆಯಿಲ್ ಸೀಲ್: ಬಹುಕಾಲದ ಬಳಕೆಯ ನಂತರ

ಗೇರ್‌ಬಾಕ್ಸ್‌ನಿಂದ ಡ್ರೈವ್ ಶಾಫ್ಟ್ (ಚಕ್ರ ತಿರುಗಿಸುವ ದಂಡ) ಹೊರಬರುವ ಕಡೆ ಆಯಿಲ್ ಜಿನುಗಿದರೆ ಸಾಮಾನ್ಯವಾಗಿ ಹಾಕುವುದು ನೈಟ್ರೈಲ್ ರಬ್ಬರಿನ ಸೀಲ್. ಸುಮಾರು 100 ಡಿಗ್ರಿ ಬಿಸಿಯಲ್ಲಿ ಸತತವಾಗಿ ಓಡಿದರೆ ಅದರ ಲಿಪ್ (ಶಾಫ್ಟ್ ಮೇಲೆ ಒತ್ತಿ ಕೂರುವ ಒಳ ಅಂಚು) ಗಡುಸಾಗಿ ಸೀಳುತ್ತದೆ. ವೈಟಾನ್ ಎಂಬ ಇನ್ನೊಂದು ಬಗೆಯ ರಬ್ಬರ್ 200ರ ಹತ್ತಿರವೂ ತಡೆಯುತ್ತದೆ. ದುಬಾರಿ ನಿಜ, ಆದರೆ ಒಂದು ಸೀಲ್‌ಗಾಗಿ ಶಾಫ್ಟ್ ಎರಡೆರಡು ಸಲ ಬಿಚ್ಚುವ ಕೂಲಿಯ ಮುಂದೆ ಆ ವ್ಯತ್ಯಾಸ ಏನೂ ಅಲ್ಲ. ಕಡುಚಳಿಯಲ್ಲಿ ಮಾತ್ರ ವೈಟಾನ್ ಬಿಗಿದುಕೊಳ್ಳುತ್ತದೆ.

ಸೀಲ್ ಮೇಲಿನ ಮೂರು ಅಂಕಿ ಮಿಲಿಮೀಟರ್‌ನಲ್ಲಿ ಒಳವ್ಯಾಸ, ಹೊರವ್ಯಾಸ, ದಪ್ಪ. ಅಳತೆ ಒಂದೇ ಎಂದು ಎಡದ್ದನ್ನು ಬಲಕ್ಕೆ ಹಾಕಬೇಡಿ. ಕೆಲವು ಸೀಲ್‌ಗಳ ಲಿಪ್ ಮೇಲಿನ ಓರೆಗೆರೆಗಳು ಶಾಫ್ಟ್ ತಿರುಗುವ ದಿಕ್ಕಿಗೆ ತಕ್ಕಂತೆ ಆಯಿಲನ್ನು ಒಳಕ್ಕೆ ತಳ್ಳುತ್ತವೆ. ಅದಲುಬದಲಾದರೆ ಹೊರಕ್ಕೇ ತಳ್ಳುತ್ತವೆ. ಬಾಣದ ಗುರುತು ನೋಡಿ.

ಹಳೆಯದನ್ನು ಕೀಳುವ ಮುಂಚೆ ಅದು ಎಷ್ಟು ಆಳದಲ್ಲಿ ಕೂತಿದೆ ಎಂದು ಅಳೆದಿಡಿ. ಸ್ಕ್ರೂಡ್ರೈವರ್‌ನಿಂದ ಎಬ್ಬುವಾಗ ಸೀಲ್ ಕೂರುವ ಅಲ್ಯೂಮಿನಿಯಂ ಗೂಡಿಗೆ ಗೀರು ಬಿದ್ದರೆ ಸೀಲ್‌ನ ಹೊರಮೈ ಗುಂಟ ಆಯಿಲ್ ಇಳಿಯುತ್ತದೆ, ಆಗ ಎಷ್ಟು ಒಳ್ಳೆಯ ಸೀಲೂ ವ್ಯರ್ಥ. ಹೊಸದರ ಸ್ಪ್ರಿಂಗ್ ಇರುವ ಬದಿ ಗೇರ್‌ಬಾಕ್ಸ್ ಒಳಗೆ. ಸ್ಪ್ರಿಂಗ್ ಹಿಂದೆ ಚೂರು ಗ್ರೀಸ್ ತುಂಬಿದರೆ ಬಡಿಯುವಾಗ ಅದು ಹಾರುವುದಿಲ್ಲ. ಲಿಪ್‌ಗೆ ಗೇರ್ ಆಯಿಲ್ ಸವರಿ. ಒಣದಾಗಿ ಹಾಕಿದ ಸೀಲ್ ಶಾಫ್ಟ್‌ನ ಮೊದಲ ಸುತ್ತುಗಳಲ್ಲೇ ಸುಡುತ್ತದೆ. ಹೊರ ಅಂಚಿನ ಮೇಲೆ ಕೂರುವಷ್ಟು ಅಗಲದ, ಗೂಡಿಗಿಂತ ತುಸು ಸಣ್ಣ ಸ್ಪ್ಯಾನರ್ ಸಾಕೆಟ್ ಇಟ್ಟು ಸುತ್ತಲೂ ಸಮವಾಗಿ ತಟ್ಟಿ. ಓರೆ ಕೂತರೆ ತೆಗೆದು ಬಿಸಾಡಿ, ಅದನ್ನೇ ಮತ್ತೆ ಬಡಿಯಬೇಡಿ. ಶಾಫ್ಟ್ ತೂರಿಸುವಾಗ ಅದರ ಸ್ಪ್ಲೈನ್‌ಗಳು (ಉದ್ದುದ್ದದ ಹಲ್ಲುಗಳು) ಲಿಪ್ ಗೀರದಂತೆ ನೋಡಿಕೊಳ್ಳಿ. ಶಾಫ್ಟ್ ತುದಿಯ ಸರ್ಕ್ಲಿಪ್ (ಶಾಫ್ಟ್ ಕಳಚದಂತೆ ಹಿಡಿಯುವ ತಂತಿ ಉಂಗುರ) ಹೊಸದಿರಲಿ.

ಉಗುರಿಗೆ ಸಿಗುವಷ್ಟು ಸವೆತದ ತೋಡು ಶಾಫ್ಟ್ ಮೇಲೆ ಬಿದ್ದಿದ್ದರೆ ವೈಟಾನ್ ಕೂಡ ಸೋರುತ್ತದೆ. ಗೂಡಿನಲ್ಲಿ ಜಾಗವಿದ್ದು ಆಯಿಲ್ ಹಿಂತಿರುಗುವ ತೂತು ಮುಚ್ಚದಿದ್ದರೆ ಸೀಲನ್ನು ಒಂದೆರಡು ಮಿಲಿಮೀಟರ್ ಸರಿಸಿ ಕೂರಿಸಬಹುದು, ಇಲ್ಲವಾದರೆ ಸವೆದ ಜಾಗದ ಮೇಲೆ ಸ್ಲೀವ್ (ತೆಳ್ಳನೆ ಲೋಹದ ಕವಚ) ತೊಡಿಸಬೇಕು. ಶಾಫ್ಟ್ ಮೇಲೆ ಕೆಳಗೆ ಅಲುಗಾಡುತ್ತಿದ್ದರೆ ಬೇರಿಂಗ್ ಅಥವಾ ಬುಷ್ ಸವೆದಿದೆ ಎಂದೇ ಲೆಕ್ಕ. ಎರಡೂ ಬದಿ ಒಟ್ಟಿಗೆ ಸೋರಿದರೆ ಮೊದಲು ಬ್ರೀದರ್ (ಗೇರ್‌ಬಾಕ್ಸ್‌ನ ಗಾಳಿ ಕಿಂಡಿ) ಬಿಚ್ಚಿ ಊದಿ ನೋಡಿ. ಅದು ಕಟ್ಟಿಕೊಂಡರೆ ಬಿಸಿಗೆ ಒಳಗೆ ಒತ್ತಡ ಏರಿ ಆಯಿಲ್ ಲಿಪ್‌ನಡಿಯಿಂದಲೇ ದಾರಿ ಹುಡುಕುತ್ತದೆ.