ಅಂಡಮಾನ್ ಪ್ಯಾಕೇಜಿಗೆ ದುಡ್ಡು ಹಾಕೋ ಮುಂಚೆ ಇದನ್ನೊಮ್ಮೆ ಓದಿ

ಅಂಡಮಾನಿಗೆ ಹೋಗಬೇಡಿ ಅಂತ ಹೇಳ್ತಿಲ್ಲ. ಹೋಗಿ. ಆದರೆ ನಾನು ಹೋದ ಹಾಗೆ ಹೋಗಬೇಡಿ. ವಾಪಸ್ ಬಂದು ಹದಿನೈದು ದಿನ ಆಯ್ತು, ಈಗಲೂ ರಾತ್ರಿ ಎಚ್ಚರ ಆದ್ರೆ ಹಡಗು ಹತ್ತೋ ಹ್ಯಾಡೋ ಜೆಟ್ಟಿಯ ಆ ಕೌಂಟರ್ ಕಣ್ಮುಂದೆ ಬಂದು ಹೊಟ್ಟೆ ಉರಿಯುತ್ತೆ.

ನಾವು 8 ಜನ. ನಾನು, ನಮ್ಮೆಜಮಾನ್ರು, ಇಬ್ಬರು ಮಕ್ಕಳು, ಅತ್ತೆ, ಅಕ್ಕ, ಭಾವ, ಅವರ ಮಗಳು. ಪ್ಲಾನ್ ಪೂರ್ತಿ ನಂದೇ. ಇದನ್ನ ಮೊದಲೇ ಒಪ್ಪಿಕೊಂಡುಬಿಡ್ತೀನಿ, ಮನೇಲಿ ಹೇಗೂ ದಿನಕ್ಕೆರಡು ಸಲ ನೆನಪಿಸ್ತಿದ್ದಾರೆ. ಭಾವ ಬೇರೆ ಯಾವುದೋ ದೊಡ್ಡ ಕಂಪನಿ ಹೇಳಿದ್ರು. "ಅಲ್ಲೆಲ್ಲ ಹಿಂದಿಯಲ್ಲೇ ಮಾತಾಡ್ತಾರೆ, ಅತ್ತೆಗೆ ಏನೂ ತಿಳಿಯಲ್ಲ, ಇವನು ನಮ್ಮ ಕಡೆಯವನು" ಅಂತ ವಾದ ಮಾಡಿ ಬೆಂಗಳೂರಿನ ಈ ಟ್ರಾವೆಲ್ ಏಜೆಂಟನ್ನ ಹಿಡಿದವಳು ನಾನು. ಎಷ್ಟು ಚೆಂದ ಮಾತಾಡ್ತಿದ್ದ ಗೊತ್ತಾ. "ಅಮ್ಮೋರಿಗೆ ಮಂಡಿ ನೋವಾ? ಹಾಗಾದ್ರೆ ಗ್ರೌಂಡ್ ಫ್ಲೋರ್ ರೂಮೇ ಹಾಕಿಸ್ತೀನಿ ಬಿಡಿ." ಅಷ್ಟಕ್ಕೇ ಕರಗಿಹೋದೆ.

ವಿಮಾನ ಬಿಟ್ಟು ತಲೆಗೆ 27,500. 6 ರಾತ್ರಿ, 7 ದಿನ. ಒಟ್ಟು 2,20,000. ಏನು ಕೇಳಿದ್ರೂ ಒಂದೇ ಉತ್ತರ: "ಇನ್‌ಕ್ಲೂಡೆಡ್ ಮೇಡಂ." ದ್ವೀಪದಿಂದ ದ್ವೀಪಕ್ಕೆ ಹೋಗೋ ಹಡಗು, ಅಂದ್ರೆ ಫೆರಿ? ಇನ್‌ಕ್ಲೂಡೆಡ್. ನೀರಿಗಿಳಿದು ಹವಳ, ಮೀನು ನೋಡೋ ಸ್ನಾರ್ಕ್ಲಿಂಗ್? ಇನ್‌ಕ್ಲೂಡೆಡ್. ಬಾರಾಟಾಂಗ್ ಸುಣ್ಣದ ಗುಹೆ? ಅದೂ ಇನ್‌ಕ್ಲೂಡೆಡ್. ಅರ್ಧ ಅಡ್ವಾನ್ಸ್ ಅಂತ ಮಾತಾಗಿತ್ತು, ಹೊರಡೋಕೆ ಹತ್ತು ದಿನ ಇದ್ದಾಗ "ಈಗಲೇ ಫುಲ್ ಪೇಮೆಂಟ್ ಮಾಡಿದ್ರೆ ಫೆರಿಯಲ್ಲಿ ಒಳ್ಳೆ ಕ್ಲಾಸಿಗೆ ಫ್ರೀ ಅಪ್‌ಗ್ರೇಡ್" ಅಂದ. ಮಾಡಿದೆ. ಅಲ್ಲಿಗೆ ನಮ್ಮ ಕೈಲಿದ್ದ ಜುಟ್ಟು ಅವನ ಕೈಗೆ ಹೋಯ್ತು.

ಮೊದಲ ದಿನ ಎಲ್ಲಾ ಸರಿ. ಗಾಡಿ ಬಂದಿತ್ತು. ಸೆಲ್ಯುಲಾರ್ ಜೈಲ್ ನೋಡಿದ್ವಿ. 7 ರೆಕ್ಕೆಗಳಲ್ಲಿ ಈಗ 3 ಮಾತ್ರ ಉಳಿದಿವೆ, ಆ ಸಣ್ಣ ಕೋಣೆಯೊಳಗೆ ನಿಂತ್ರೆ ಮಾತೇ ಹೊರಡಲ್ಲ. ರಾತ್ರಿ ಲೈಟ್ ಅಂಡ್ ಸೌಂಡ್ ಶೋ ನೋಡಿ ಅತ್ತೆ ಕಣ್ಣೊರೆಸಿಕೊಂಡ್ರು. ಅವತ್ತೇ ರಾತ್ರಿ ಏಜೆಂಟ್ ಮೆಸೇಜ್: "ಮೇಡಂ, ಒಂದು ಫೈವ್ ಸ್ಟಾರ್ ರಿವ್ಯೂ, ಜೊತೆಗೆ ಒಂದು ಫ್ಯಾಮಿಲಿ ಫೋಟೋ." ಖುಷಿಯಲ್ಲಿ ಎರಡೂ ಕೊಟ್ಟೆ. ಮೊದಲನೇ ದಿನವೇ ರಿವ್ಯೂ ಯಾಕೆ ಕೇಳ್ತಾನೆ ಅನ್ನೋದು ನನ್ನ ಮಂಡೆಗೆ ಹೊಳೀಲಿಲ್ಲ.

ಎರಡನೇ ದಿನ ಬೆಳಿಗ್ಗೆ ಹ್ಯಾವ್‌ಲಾಕಿಗೆ ಹೊರಡಬೇಕು. 2018ರಲ್ಲಿ ಸ್ವರಾಜ್ ದ್ವೀಪ ಅಂತ ಹೆಸರು ಬದಲಾಗಿದೆ, ಅಲ್ಲಿ ಎಲ್ಲರೂ ಇನ್ನೂ ಹ್ಯಾವ್‌ಲಾಕ್ ಅಂತಾನೇ ಅಂತಾರೆ. ಜೆಟ್ಟಿಯಲ್ಲಿ ನಾನು ಮೊಬೈಲ್ ಹಿಡ್ಕೊಂಡು ಗತ್ತಿನಲ್ಲಿ ಮುಂದೆ ಹೋಗಿ ಏಜೆಂಟ್ ಕಳಿಸಿದ್ದ ಪಿಡಿಎಫ್ ತೋರಿಸಿದೆ. ಕೌಂಟರಿನ ಹುಡುಗ ನೋಡಿ, "ಇದು ಟಿಕೆಟ್ ಅಲ್ಲ ಮೇಡಂ, ವೋಚರ್. ಪಿಎನ್‌ಆರ್ ಎಲ್ಲಿ?" ಅಂದ. ಹಿಂದೀಲಿ ಅಂದ, ನಂಗೆ ಚೆನ್ನಾಗೇ ಅರ್ಥ ಆಯ್ತು. ಆ ಪಿಡಿಎಫ್‌ನಲ್ಲಿ 8 ಹೆಸರು, ಫೆರಿಯ ಬಣ್ಣದ ಚಿತ್ರ, "ಕನ್ಫರ್ಮ್ಡ್" ಅಂತ ಹಸಿರು ಸೀಲ್. ಎಲ್ಲಾ ಅವನ ಆಫೀಸಿನಲ್ಲೇ ಮಾಡಿದ್ದು! ಪಾಪ ಆ ಹುಡುಗ ಆಧಾರ್ ಇಸ್ಕೊಂಡು ಲಿಸ್ಟ್ ಹುಡುಕಿದ. 5 ಹೆಸರು ಇತ್ತು. ನನ್ನದು, ಭಾವಂದು, ಅತ್ತೇದು ಇಲ್ಲ. ಫೆರಿ ಫುಲ್.

ಯಾರನ್ನ ಬಿಟ್ಟು ಹೋಗಬಾರದಿತ್ತೋ ಸರಿಯಾಗಿ ಅವರನ್ನೇ ಬಿಟ್ಟಿದ್ದ ನೋಡಿ.

ಫೋನ್ ಮಾಡಿದೆ. ಏಳು ಸಲ. ಎಂಟನೇ ಸಲ ಎತ್ತಿ, "ಮೇಡಂ, ಅಲ್ಲಿ ಸಿಸ್ಟಂ ಅಪ್‌ಡೇಟ್ ಆಗಿರಲ್ಲ, ಐದು ನಿಮಿಷ." ಐದು ನಿಮಿಷ ಆಯ್ತು. ಫೆರಿ ಹೊರಡ್ತು. ಮಕ್ಕಳು ಅದರೊಳಗೆ, ನಾವು ಮೂವರು ಬ್ಯಾಗ್ ಇಟ್ಕೊಂಡು ದಡದಲ್ಲಿ. ಮತ್ತೆ ಮಾಡಿದೆ. "ಮೇಡಂ, ನೆಟ್‌ವರ್ಕ್ ಪ್ರಾಬ್ಲಂ." ಬೆಂಗಳೂರಲ್ಲಿ ಕೂತ್ಕೊಂಡು ಅಂಡಮಾನಿನ ನೆಟ್‌ವರ್ಕ್ ಪ್ರಾಬ್ಲಂ ಅವನಿಗೆ! ಆಮೇಲೆ ವಾಟ್ಸಾಪಲ್ಲಿ ಬಂತು: "ಪೀಕ್ ಸೀಸನ್ ಮೇಡಂ, ಡಿಸೆಂಬರ್ ಅಲ್ವಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ." ದುಡ್ಡು ಇಸ್ಕೊಳ್ಳುವಾಗ ಡಿಸೆಂಬರ್ ಅಂತ ಗೊತ್ತಿರಲಿಲ್ವಾ?

ಅತ್ತೆ ಸೂಟ್‌ಕೇಸ್ ಮೇಲೆ ಕೂತು ನಿಧಾನಕ್ಕೆ, "ಕನ್ನಡದವನು ಅಂದಿದ್ಯಲ್ಲೇ" ಅಂದ್ರು. ಭಾವ ಏನೂ ಅನ್ನಲಿಲ್ಲ. ಹೋಗಿ ಮೂರು ಚಹಾ ತಂದ್ರು. ಬೈದಿದ್ರೆ ವಾಸಿ ಇತ್ತು.

ಕೊನೆಗೆ ಭಾವನೇ ಫೀನಿಕ್ಸ್ ಬೇ ಅನ್ನೋ ಇನ್ನೊಂದು ಜೆಟ್ಟಿಗೆ ಓಡಾಡಿ ಮಧ್ಯಾಹ್ನದ ಸರ್ಕಾರಿ ಫೆರಿಯಲ್ಲಿ ಮೂರು ಟಿಕೆಟ್ ಗಿಟ್ಟಿಸಿದ್ರು. ಟಿಕೆಟಿನ ದರ ನೋಡಿ ಇನ್ನೊಂದ್ಸಲ ಉರೀತು, ಅಷ್ಟು ಕಮ್ಮಿ. ಹ್ಯಾವ್‌ಲಾಕ್ ಮುಟ್ಟಿದಾಗ ಬೆಳಕು ಮುಗೀತಾ ಬಂದಿತ್ತು. ಅದು ನಮ್ಮೂರಿಂದ ಎಷ್ಟೋ ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ, ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗಿಬಿಡ್ತಾನೆ. ರಾಧಾನಗರ್ ಬೀಚಿನ ಸೂರ್ಯಾಸ್ತ ನೋಡಬೇಕು ಅಂತಾನೇ ನಾನು ಈ ಪ್ರವಾಸ ಹಾಕಿದ್ದು. ಜೆಟ್ಟಿಯಿಂದ ಅಲ್ಲಿಗೆ ಹನ್ನೆರಡು ಕಿಲೋಮೀಟರ್ ಹತ್ತಿರ. ಮುಗೀತು ಕಥೆ. (ಮಾರನೇ ದಿನ ನಾವೇ ಆಟೋ ಮಾಡ್ಕೊಂಡು ಹೋದ್ವಿ. ಆ ಬಿಳಿ ಮರಳು, ಹಿಂದೆ ಎತ್ತರದ ಕಾಡು... ಅದರ ಬಗ್ಗೆ ಕೋಪ ಇಳಿದ ಮೇಲೆ ಬರೀತೀನಿ.)

ಹ್ಯಾವ್‌ಲಾಕಿನದೇ ಎಲಿಫೆಂಟ್ ಬೀಚಿಗೆ ಬರ್ತೀನಿ. ನಮ್ಮ ಐಟಿನರಿಯಲ್ಲಿ "ಸ್ನಾರ್ಕ್ಲಿಂಗ್, ತಲೆಗೆ 1,000 ರೂಪಾಯಿ ಬೆಲೆಯದ್ದು, ಇನ್‌ಕ್ಲೂಡೆಡ್" ಅಂತ ದಪ್ಪಕ್ಷರದಲ್ಲಿತ್ತು. ಹೋದ್ರೆ ದಡದ ಹತ್ರಾನೇ ನೀರಿಗಿಳಿಸಿ, ಟ್ಯೂಬ್ ಹಿಡ್ಕೊಳಿ ಅಂದು ಐದು ನಿಮಿಷ ಎಳೆದಾಡಿ, "ಆಯ್ತು. ಹವಳ, ಬಣ್ಣದ ಮೀನು ನೋಡ್ಬೇಕಾದ್ರೆ ಒಳಗೆ ಹೋಗ್ಬೇಕು, ಅದಕ್ಕೆ ಬೇರೆ ದುಡ್ಡು" ಅಂದ್ರು. ಪಕ್ಕದಲ್ಲಿ ಹಾಸನದ ಗಂಡ ಹೆಂಡತಿ ಸಿಕ್ಕಿದ್ರು, ಎಲ್ಲಾ ತಾವೇ ಬುಕ್ ಮಾಡ್ಕೊಂಡು ಬಂದವರು. "ಅಯ್ಯೋ, ಅದು ದೋಣಿ ಟಿಕೆಟ್ ಜೊತೆ ನಮಗೂ ಫ್ರೀ ಕೊಟ್ರು ಕಣ್ರೀ" ಅಂತ ನಕ್ಕರು. ಫ್ರೀ! ಫ್ರೀ ಕೊಡೋದಕ್ಕೆ ಸಾವಿರ ರೂಪಾಯಿ ಬೆಲೆ ಬರೆದು ನಮಗೇ ಮಾರಿದಾನೆ. ಏಜೆಂಟನ್ನ ಕೇಳಿದ್ರೆ, "ಇನ್‌ಕ್ಲೂಡೆಡ್ ಅಂದಿದ್ದೆ, ಕೊಟ್ಟಿದಾರಲ್ಲ ಮೇಡಂ?"

ನೀಲ್ ದ್ವೀಪದ ಬಗ್ಗೆ ದೂರಿಲ್ಲ. ನ್ಯಾಚುರಲ್ ಬ್ರಿಡ್ಜ್ ಅನ್ನೋ ಬಂಡೆ ಕಮಾನಿಗೆ ಸಮುದ್ರದ ನೀರು ಇಳಿದಿರೋ ಹೊತ್ತು ನೋಡ್ಕೊಂಡು ಹೋಗಿ, ಅಷ್ಟೇ.

ಆಮೇಲೆ ಬಾರಾಟಾಂಗ್. ಅದಕ್ಕೆ ನಸುಕಿಗೇ ಎದ್ದು ಹೊರಡಬೇಕು, ಜಿರ್ಕಾಟಾಂಗ್ ಚೆಕ್‌ಪೋಸ್ಟಿನಿಂದ ಜಾರವಾ ಬುಡಕಟ್ಟಿನವರ ಮೀಸಲು ಕಾಡಿನೊಳಗೆ ಗಾಡಿಗಳನ್ನ ಸಾಲಾಗಿ, ನಿಗದಿತ ಹೊತ್ತಿಗೆ ಮಾತ್ರ ಬಿಡ್ತಾರೆ. ನಾವು ಮೂರೂವರೆಗೆ ಸ್ವೆಟರ್ ಹಾಕ್ಕೊಂಡು ಹೋಟೆಲ್ ಮುಂದೆ ನಿಂತಿದೀವಿ. (ಸ್ವೆಟರ್ ಯಾಕೋ, ಅಲ್ಲಿ ಸೆಖೆ.) ಗಾಡಿ ಇಲ್ಲ. ಡ್ರೈವರ್‌ಗೆ ಫೋನ್ ಮಾಡಿದ್ರೆ ನಿದ್ದೆಗಣ್ಣಲ್ಲಿ, "ನನಗೆ ಹೇಳಿರೋದು ಬಾರಾಟಾಂಗ್ ಅಲ್ಲ, ಚಿಡಿಯಾ ಟಾಪು ಬೀಚು, ಮಧ್ಯಾಹ್ನ ಮೂರಕ್ಕೆ" ಅಂದ. ಏಜೆಂಟ್ ಹತ್ತು ಗಂಟೆಗೆ ಉತ್ತರ ಕೊಟ್ಟ: "ಬಾರಾಟಾಂಗ್ ರಿಸ್ಕ್ ಮೇಡಂ, ಅಮ್ಮೋರಿಗೆ ಮಂಡಿ ನೋವು ಬೇರೆ. ಅದಕ್ಕೇ ನಾನೇ ಚೇಂಜ್ ಮಾಡಿದೆ." ಅತ್ತೆಯ ಮಂಡಿ ನೋವನ್ನೂ ಲಾಭಕ್ಕೆ ಹಾಕ್ಕೊಂಡ! ಅಂದಹಾಗೆ ಗ್ರೌಂಡ್ ಫ್ಲೋರ್ ಅಂದಿದ್ದ ರೂಮು ಎರಡನೇ ಮಹಡಿಯಲ್ಲಿತ್ತು. ಲಿಫ್ಟ್ ಇಲ್ಲ.

ಹೋಗೋರು ಇಷ್ಟು ಮಾಡಿ. ಫೆರಿ ಟಿಕೆಟನ್ನ ಪಿಎನ್‌ಆರ್ ಸಮೇತ ಕೇಳಿ, ಫೆರಿ ಕಂಪನಿಯ ವೆಬ್‌ಸೈಟಿನಲ್ಲಿ ನೀವೇ ಹಾಕಿ ನೋಡಿ, ಪ್ರತಿಯೊಬ್ಬರ ಹೆಸರೂ ಇದೆಯಾ ಅಂತ. ವೋಚರ್ ಅಂದ್ರೆ ಕಾಗದ, ಅಷ್ಟೇ. ಬಾಕಿ ದುಡ್ಡು ಅಲ್ಲಿಗೆ ಹೋದ ಮೇಲೆ ಕೊಡ್ತೀನಿ ಅನ್ನಿ, ಒಪ್ಪದಿದ್ರೆ ಬಿಡಿ. ವಾಪಸ್ ಬರೋ ತನಕ ಯಾರಿಗೂ ರಿವ್ಯೂ ಕೊಡಬೇಡಿ. ಮತ್ತೆ, ಕನ್ನಡ ಮಾತಾಡಿದ ತಕ್ಷಣ ಕರಗಬೇಡಿ. ಇದನ್ನ ಬರೆಯೋಕೇ ಸಂಕಟ ಆಗುತ್ತೆ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದೀನಿ, ನೋಡೋಣ. ಮೂರು ಟಿಕೆಟಿನ ದುಡ್ಡಾದ್ರೂ ಕೊಡಪ್ಪಾ ಅಂದಿದ್ದಕ್ಕೆ "ಮುಂದಿನ ಟ್ರಿಪ್ಪಿನಲ್ಲಿ ಡಿಸ್ಕೌಂಟ್ ಕೊಡ್ತೀನಿ" ಅಂದಿದಾನೆ. ನಿನ್ನೆ ರಾತ್ರಿ ಅವನ ವಾಟ್ಸಾಪ್ ಸ್ಟೇಟಸ್ ನೋಡಿದೆ. ಸೆಲ್ಯುಲಾರ್ ಜೈಲಿನ ಮುಂದೆ ನಾವು ಎಂಟೂ ಜನ ಹಲ್ಲು ಕಿರಿದು ನಿಂತಿರೋ ಫೋಟೋ, ಮೇಲೆ "ಹ್ಯಾಪಿ ಫ್ಯಾಮಿಲಿ, ಅಂಡಮಾನ್, ಕೆಲವೇ ಸೀಟು ಬಾಕಿ". ತೆಗೀರಿ ಅಂತ ಮೆಸೇಜ್ ಹಾಕಿದೆ. ಕೈ ಮುಗಿಯೋ ಚಿತ್ರ ಒಂದು ಬಂತು. ಫೋಟೋ ಇನ್ನೂ ಇದೆ.